‘ಹಾಕು’, ‘ತೆಗಿ’ ಇಲ್ಲದ ಗೇಟು

ಬೆಳಗಿನ ಐದೂವರೆ. ಸಂಡೂರಿನ ಗುಡ್ಡಗಳ ಹಿಂದೆ ಬೆಳಕು ಇನ್ನೂ ಸರಿಯಾಗಿ ಹುಟ್ಟಿಲ್ಲ. ಯಶವಂತನಗರದಿಂದ ಒಂದೂವರೆ ಕಿಲೋಮೀಟರ್ ಆಚೆಯ ಬನ್ನಿಗಿಡದ ಕ್ರಾಸಿನಲ್ಲಿ, ಕಬ್ಬಿಣದ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಕಂಬಕ್ಕೆ ಕೂರಿಸಿದ ಗಾಜಿನ ಕಣ್ಣೊಂದನ್ನು ಒರೆಸುತ್ತಿದ್ದಾರೆ. ಗಾಜು ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಮೊದಲು ಬಾಯಿಂದ ಊದುತ್ತಾರೆ. ಆಮೇಲೆ ಹಳೆಯ ಧೋತರದ ಒಣ ತುಂಡಿನಿಂದ ಒಂದೇ ದಿಕ್ಕಿಗೆ ಎಳೆಯುತ್ತಾರೆ. ನೀರು ಮುಟ್ಟಿಸುವಂತಿಲ್ಲ. ಮುಟ್ಟಿಸಿದರೆ ಅದಿರಿನ ಧೂಳು ಕಲಸಿದ ಕುಂಕುಮದಂತೆ ಗಾಜಿಗೆ ಕಚ್ಚಿಕೊಂಡುಬಿಡುತ್ತದೆ.

ಇವರು ಅಕ್ಕನಾಗಮ್ಮ. ವಯಸ್ಸು ಮೂವತ್ತೊಂಬತ್ತು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ತಲೆಗೆ ಟವೆಲ್ಲು. ಅದಿರು ಲಾರಿಗಳ ರಸ್ತೆಯನ್ನು ಇಲ್ಲಿ ಊರಿನ ಕಾಲುದಾರಿ ಅಡ್ಡ ಹಾಯುತ್ತದೆ. ಆ ಜಾಗದ ಎರಡೂ ಬದಿಗೆ ಕೆಂಪು-ಬಿಳಿ ಪಟ್ಟೆಯ ಉದ್ದನೆಯ ಪೈಪಿನ ಗೇಟುಗಳಿವೆ. ಜನ ಬಂದು ಬಟನ್ ಒತ್ತಿದರೆ ಗೇಟು ಇಳಿದು ಲಾರಿ ನಿಲ್ಲಬೇಕು. ಗೇಟು ಪೂರ್ತಿ ಇಳಿದ ಮೇಲೆ ಜನರಿಗೆ ಹಸಿರು ದೀಪ ಹತ್ತಬೇಕು. ಇಷ್ಟೇ ಇವರ ಕೆಲಸ. ಇದು ದಿನಕ್ಕೆ ಮುನ್ನೂರ ನಲವತ್ತು ಸಲ ಆಗುತ್ತದೆ.

ಒರೆಸುವುದು ಮುಗಿದ ಮೇಲೆ ಅವರು ಬನ್ನಿಗಿಡದ ಬುಡದ ತಗಡಿನ ಪೆಟ್ಟಿಗೆಯನ್ನು ತೆರೆಯುತ್ತಾರೆ. ಒಳಗೆ ಅಂಗೈಯಗಲದ ಹಸಿರು ಹಲಗೆ. ಇಡೀ ಕಂಪ್ಯೂಟರು ಆ ಒಂದೇ ಹಲಗೆಯ ಮೇಲಿದೆ; ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ಅಂಚಿಗೆ ಬಾಚಣಿಕೆಯ ಹಲ್ಲಿನಂತೆ ಹದಿನಾರು ಪಿನ್ನುಗಳು, ಅವುಗಳಿಂದ ಹೊರಟ ಬಣ್ಣ ಬಣ್ಣದ ವೈರುಗಳು. ಅಕ್ಕನಾಗಮ್ಮ ವೈರುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ನೀಲಿಯದೊಂದನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತುಬಿಡುತ್ತಾರೆ.

ಗೇಟು ಕೆಳಗಿಳಿಯುತ್ತದೆ. ಹೊಸಪೇಟೆಯ ಕಡೆ ಹೊರಟಿದ್ದ ತುಂಬಿದ ಲಾರಿಯೊಂದು ಬುಸ್ಸೆಂದು ನಿಲ್ಲುತ್ತದೆ. ಕಿಟಕಿಯಿಂದ ತಲೆ ಹೊರಬರುತ್ತದೆ. ಡ್ರೈವರ್ ಮೂಕಪ್ಪ.

“ಯಕ್ಕಾ, ರಸ್ತಾದಾಗ ನಾಯಿ ಸೈತ ಇಲ್ಲ. ಯಾರಿಗೆ ಸಲಾಮ್ ಹೊಡೀಲಿಕ್ಕ ನಿಲ್ಲಿಸಿದಿ?”

“ನನಗ ಹೊಡಿ,” ಎನ್ನುತ್ತಾರೆ ಅಕ್ಕನಾಗಮ್ಮ, ತಿರುಗಿ ನೋಡದೆ.

“ದಿನಾ ಮುಂಜಾನೆ ನಂದ ಲಾರಿ ಸಿಗ್ತೈತೇನು?”

“ನೀ ಜಲ್ದಿ ಬರ್ತಿ, ನಿಂದ ಸಿಗ್ತೈತಿ. ಬೀಡಿ ಹಚ್ಕ. ಒಂದು ನಿಮಿಷ.”

ವೈರನ್ನು ಮತ್ತೆ ಸಿಕ್ಕಿಸುತ್ತಾರೆ. ಗೇಟು ಏಳುತ್ತದೆ. ಮೂಕಪ್ಪ ಹಾರ್ನ್ ಬಾರಿಸುತ್ತಾ ಹೋಗುತ್ತಾನೆ. ಅಕ್ಕನಾಗಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ನೀಲಿ, ಬಿತ್ತು. ನಿನ್ನೆ ಹಳದಿ. ಮೊನ್ನೆ ಕಂದು. ದಿನಕ್ಕೊಂದು ವೈರು ಕಿತ್ತು ನೋಡುವುದು ಮೂರು ತಿಂಗಳಿಂದ ತಪ್ಪಿಲ್ಲ. “ಯಾವ ವೈರು ಹರಿದ್ರೂ ಗೇಟು ಹಿಡೀಬೇಕ್ರಿ. ಇಲಿ ಕಡೀಲಿ, ಕರೆಂಟ್ ಹೋಗ್ಲಿ, ಪೆಟ್ಟಿಗಿ ಸಿಡಿಲು ಬಡಿದು ಸಾಯ್ಲಿ. ಸುಮ್ಮನಾತು ಅಂದ್ರ ಹಿಡೀಬೇಕು.”

ಇದು 2009ರ ಫೆಬ್ರುವರಿ ಮೊದಲ ವಾರ. ಬೆಳಿಗ್ಗೆ ಹನ್ನೊಂದಕ್ಕೆ ಇದೇ ಗಿಡದ ಕೆಳಗೆ ಕ್ರಾಸ್ ಸಮಿತಿ ಸೇರಲಿದೆ. ಅದರಲ್ಲಿ ಪಂಚಾಯಿತಿಯವರಿದ್ದಾರೆ, ಲಾರಿ ಮಾಲೀಕರಿದ್ದಾರೆ, ಊರಿನವರಿದ್ದಾರೆ. ಗೇಟು ಇರಬೇಕೋ ಕಿತ್ತುಹಾಕಬೇಕೋ ಎಂದು ತೀರ್ಮಾನಿಸುವುದು ಇವತ್ತೇ. ಕಿತ್ತರೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೆಂಪು ಬಾವುಟ ಹಿಡಿದ ಒಬ್ಬ ಆಳು ನಿಲ್ಲುತ್ತಾನೆ. ಅಂಗನವಾಡಿಯ ಮಕ್ಕಳು ದಾಟುವುದು ಒಂಬತ್ತೂ ಕಾಲಿಗೆ.

ಅಕ್ಕನಾಗಮ್ಮ ಕಂಪ್ಲಿ ಹತ್ತಿರದ ಮೆಟ್ರಿಯವರು. ಭತ್ತದ ಊರು. ತಂದೆ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಹಿಡಿದು ತೂಬಿನ ಹಲಗೆ ಎತ್ತುವುದು, ಇಳಿಸುವುದು ಅವರ ಕೆಲಸ. ಐದು ವರ್ಷದ ಮಗಳು ಬದುವಿನ ಮೇಲೆ ನಿಂತು “ಅಪ್ಪಾ, ತೆಗಿ” ಎಂದು ಕೂಗಿದರೆ ತೂಬು ತೆರೆದು ನೀರು ಹರಿಯುತ್ತಿತ್ತು. “ಹಾಕು” ಎಂದರೆ ನಿಲ್ಲುತ್ತಿತ್ತು. ಈ ಎರಡು ಮಾತುಗಳು ಮುಂದೆ ತನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತವೆ ಎಂದು ಆ ಹುಡುಗಿಗೆ ಗೊತ್ತಿರುವ ಕಾರಣವಿಲ್ಲ.

ಹತ್ತನೆಯ ತರಗತಿಯ ನಂತರ ಹೊಸಪೇಟೆಯಲ್ಲಿ ಐಟಿಐ, ಎಲೆಕ್ಟ್ರಾನಿಕ್ಸ್. ಆ ವರ್ಷ ತರಗತಿಯಲ್ಲಿ ಇದ್ದ ಹುಡುಗಿಯರು ಇಬ್ಬರು. ಇನ್ನೊಬ್ಬಳು ಆರು ತಿಂಗಳಿಗೆ ಬಿಟ್ಟಳು. ಅಕ್ಕನಾಗಮ್ಮ ಮುಗಿಸಿ, ಹೊಸಪೇಟೆಯ ತೂಕದ ಯಂತ್ರಗಳ ರಿಪೇರಿ ಅಂಗಡಿಗೆ ಸೇರಿದರು. ಅದಿರಿನ ವ್ಯಾಪಾರ ಏರಿದಂತೆ ಲಾರಿ ತೂಗುವ ವೇಬ್ರಿಡ್ಜುಗಳು ದಾರಿಗೊಂದು ಹುಟ್ಟಿಕೊಂಡವು. ಅವುಗಳ ಅಂಕಿ ತೋರಿಸುವ ಡಬ್ಬಿಗಳು ಧೂಳಿಗೆ ಕೆಟ್ಟು ರಾಶಿರಾಶಿಯಾಗಿ ಅಂಗಡಿಗೆ ಬರತೊಡಗಿದವು. ಅಂಥದೊಂದು ಗುಜರಿ ಡಬ್ಬಿಯೊಳಗೆ ಈ ಒಂಟಿ ಹಲಗೆಯ ಕಂಪ್ಯೂಟರ್ ಸಿಕ್ಕಿತು. ಅದರ ಜೊತೆ ಇಲಿ ತಿಂದು ಉಳಿದ ಕೈಪಿಡಿ. ಮೂರು ಮಳೆಗಾಲ ಅದನ್ನು ಓದಿದರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಚಿತ್ರಗಳಿದ್ದವು.

“ಪಿನ್ನು ಎರಡು ನಮೂನಿ ಇರ್ತಾವ್ರಿ. ಕೇಳೋ ಪಿನ್ನು, ಹೇಳೋ ಪಿನ್ನು. ಹುಟ್ಟಿದಾಗ ಅದಕ್ಕ ಗೊತ್ತಿರಂಗಿಲ್ಲ ತಾನು ಯಾವ್ದು ಅಂತ. ನಾವು ಪ್ರೋಗ್ರಾಮಿನ್ಯಾಗ ಮೊದಲ ಹೇಳಿಬಿಡಬೇಕು, ನೀ ಕೇಳು, ನೀ ಹೇಳು ಅಂತ. ಹೇಳೋ ಪಿನ್ನಿಗೆ ಭಾಳ ಶಕ್ತಿ ಇರಂಗಿಲ್ಲ. ಒಂದು ಬಲ್ಬು ಹಚ್ಚಂಗಿಲ್ಲ ಅದು. ಧಣಿ ಅಲ್ರಿ ಅದು, ಧಣಿ ಕಿವ್ಯಾಗ ಪಿಸುಗುಡೋನು. ಧಣಿ ಅಂದ್ರ ರಿಲೇ, ದೊಡ್ಡ ಕರೆಂಟಿನ ಸ್ವಿಚ್ಚು. ರಿಲೇ ಎದ್ದು ಮೋಟರ್ ನಡಸ್ತೈತಿ.”

ಅವರು ಮೊದಲು ಮಾಡಿದ್ದು ಹಂಪಿ ಬಜಾರಿನ ಹಿಂದಿನ ಒಂದು ಲಾಡ್ಜಿನ ನೀರಿನ ಟ್ಯಾಂಕಿನ ಕೆಲಸ. ಟ್ಯಾಂಕು ತುಂಬಿದರೆ ಒಂದು ಪಿನ್ನು ಕೇಳಿಸಿಕೊಳ್ಳಬೇಕು, ಇನ್ನೊಂದು ಪಿನ್ನು ಮೋಟರು ನಿಲ್ಲಿಸಬೇಕು. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮೋಟರು ತಾನೇ ಹತ್ತಿ ತಾನೇ ಆರಿ, ಹುಚ್ಚು ಹಿಡಿದಂತೆ ಆಡಿತು. ಹತ್ತಿರ ಯಾರಾದರೂ ಹೋದರೆ ಸಾಕು, ಶುರು. ನೋಡಿದರೆ ಟ್ಯಾಂಕಿನ ವೈರು ಕಳಚಿತ್ತು. ವೈರು ಇಲ್ಲದ ಪಿನ್ನು ‘ಇಲ್ಲ’ ಎನ್ನುವುದಿಲ್ಲ. ಸುತ್ತಲಿನ ಯಾವುದೋ ಸದ್ದಿಗೆ, ಯಾರದೋ ಮೈಯ ಶಾಖಕ್ಕೆ ಎಂಬಂತೆ, ಒಮ್ಮೆ ಹೌದು ಎನ್ನುತ್ತದೆ, ಒಮ್ಮೆ ಅಲ್ಲ ಎನ್ನುತ್ತದೆ.

“ಖಾಲಿ ಪಿನ್ನು ಗಾಳಿಮಾತು ಕೇಳ್ತೈತ್ರಿ,” ಎನ್ನುತ್ತಾರೆ. “ಮನಶ್ಯಾರ ಹಂಗ. ಅದನ್ನ ಒಂದು ಸಣ್ಣ ರೆಸಿಸ್ಟರಿನಿಂದ ಬಿಗಿದು ಕಟ್ಟಬೇಕು. ಯಾರೂ ಏನೂ ಹೇಳ್ಲಿಲ್ಲ ಅಂದ್ರ ಹಿಂಗ ತಿಳ್ಕ ಅಂತ.”

ಏನು ತಿಳಿದುಕೊಳ್ಳಬೇಕು ಎಂಬುದು ಮಾತ್ರ ಕಟ್ಟುವವರ ಕೈಯಲ್ಲಿದೆ. ಟ್ಯಾಂಕಿನ ಕೆಲಸದಲ್ಲಿ ಅದು ಹೆಚ್ಚೆಂದರೆ ನೀರು ಚೆಲ್ಲುವ ವಿಷಯ.

ಬನ್ನಿಗಿಡದ ಕ್ರಾಸಿನಲ್ಲಿ ದಿನಕ್ಕೆ ಸಾವಿರದ ಒಂಬೈನೂರು ಲಾರಿ ಓಡುತ್ತವೆ. ಒಂದು ಕಡೆ ಊರು, ಇನ್ನೊಂದು ಕಡೆ ಅಂಗನವಾಡಿ, ನಲ್ಲಿ, ಕಂಪನಿ ಬಸ್ಸಿನ ಸ್ಟಾಪು. 2008ರ ಆಗಸ್ಟ್ ಕೊನೆಯಲ್ಲಿ ಊರಿನವರ ಒತ್ತಾಯಕ್ಕೆ ಸಮಿತಿ ಗೇಟು ಕೂರಿಸಿತು. ಹಲಗೆಯ ಕೆಲಸ ಅಕ್ಕನಾಗಮ್ಮನದು. ಅವರು ಆಗಿನ್ನೂ ಹೊಸಪೇಟೆಯ ಅಂಗಡಿಯಲ್ಲೇ ಇದ್ದರು. ಕ್ರಾಸಿನಲ್ಲಿ ನೋಡಿಕೊಳ್ಳಲು ಮನೋಹರ್ ಎಂಬ ಎಲೆಕ್ಟ್ರಿಶಿಯನ್ ಇದ್ದ. ಕೆಲಸ ಬಲ್ಲವನು, ಚುರುಕು.

ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಹಲಗೆ ಸ್ತಬ್ಧವಾಯಿತು. ಗೇಟು ಕೆಳಗೇ ಸಿಕ್ಕಿಕೊಂಡಿತು. ಪೆಟ್ಟಿಗೆಯಲ್ಲಿ ಆಗ ಕೈಯಿಂದ ನಡೆಸುವ ಎರಡು ಸ್ವಿಚ್ಚುಗಳಿದ್ದವು, ಒಂದು ಗೇಟಿಗೆ, ಇನ್ನೊಂದು ಜನರ ಹಸಿರು ದೀಪಕ್ಕೆ. ಲಾರಿಗಳ ಸಾಲು ಬೆಳೆಯುತ್ತಿದ್ದುದರಿಂದ ಮನೋಹರ್ ಗೇಟಿನ ಸ್ವಿಚ್ಚಿನಿಂದ ಪೈಪು ಎತ್ತಿ ಲಾರಿ ಬಿಡತೊಡಗಿದ. ಅಷ್ಟರಲ್ಲಿ ಅಂಗನವಾಡಿಯ ಸಹಾಯಕಿ ಕರೆಮ್ಮ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಬಂದು ನಿಂತರು. ಮನೋಹರ್ ಹೊಸಪೇಟೆಗೆ ಫೋನು ಮಾಡಿದ.

“ಯಕ್ಕಾ, ಮಕ್ಳು ಬಂದು ನಿಂತಾವು. ಹಾಕ್ಲೇನು?”

“ಮಕ್ಳು ಬಂದಾವಂದ್ರ ಕೇಳ್ತೀಯೇನಲೇ? ಹಾಕು ಜಲ್ದಿ.”

ಅಕ್ಕನಾಗಮ್ಮ ಹೇಳಿದ್ದು ಗೇಟು ಹಾಕು ಎಂದು. ಮನೋಹರ್ ಕೇಳಿದ್ದು ದೀಪ ಹಾಕಲೇನು ಎಂದು. ದೀಪದ ಸ್ವಿಚ್ಚು ಒತ್ತಿದರೆ ಗೇಟೂ ಜೊತೆಗೇ ಇಳಿಯುತ್ತದೆ ಎಂದುಕೊಂಡಿದ್ದ ಅವನು. ಗೇಟು ಹಾಕಿದರೆ ದಾರಿ ಮುಚ್ಚುತ್ತದೆ. ದೀಪ ಹಾಕಿದರೆ ದಾರಿ ತೆರೆಯುತ್ತದೆ. ಒಂದೇ ಮಾತು, ಹುಟ್ಟಿದಾಗಿನಿಂದ ಇಬ್ಬರೂ ಆಡಿಕೊಂಡು ಬಂದದ್ದು. ಏನನ್ನು ಹಾಕುವುದು ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ?

ಹಸಿರು ದೀಪ ಹತ್ತಿತು. ಗೇಟು ಮೇಲೆಯೇ ಇತ್ತು. ಕರೆಮ್ಮ ದೀಪ ನೋಡಿ ಮಕ್ಕಳನ್ನು ಕರೆದುಕೊಂಡು ರಸ್ತೆಗಿಳಿದರು.

ಬರುತ್ತಿದ್ದ ಲಾರಿ ಮೂಕಪ್ಪನದು. ಅವನು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಎಳೆದು ಲಾರಿಯನ್ನು ಚರಂಡಿಗೆ ಇಳಿಸಿದ. ಲಾರಿ ವಾಲಿ ಅದಿರು ರಸ್ತೆಗೆ ಚೆಲ್ಲಿತು. ಉರುಳಿ ಬಂದ ತೆಂಗಿನಕಾಯಿ ಗಾತ್ರದ ಕಲ್ಲೊಂದು ಕರೆಮ್ಮನ ಹಿಮ್ಮಡಿಯ ಮೂಳೆ ಮುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಒಂದು ಮಗುವೂ ಅಳಲಿಲ್ಲವಂತೆ. ಇಪ್ಪತ್ತೆರಡು ಮಕ್ಕಳು ಕೆಂಪು ಧೂಳಿನಲ್ಲಿ ಸುಮ್ಮನೆ ನಿಂತಿದ್ದವು. ಅವು ಹಾಗೆ ನಿಂತದ್ದನ್ನು ಮೂಕಪ್ಪ ಇವತ್ತಿಗೂ ಹೇಳುತ್ತಾನೆ. “ಅತ್ತಿದ್ರ ಚಲೋ ಇತ್ರಿ. ಅವು ಸುಮ್ನ ನನ್ನ ಮುಖ ನೋಡಿದ್ವು.”

ಮನೋಹರ್ ಆ ವಾರವೇ ಕೆಲಸ ಬಿಟ್ಟು ಕಂಪ್ಲಿಯ ರೈಸ್‌ಮಿಲ್ಲಿಗೆ ಹೋದ. ತಪ್ಪು ಅವನದೆಂದು ಊರು ಮಾತಾಡಿತು. ಅಕ್ಕನಾಗಮ್ಮ ಸಮಿತಿಯ ಮುಂದೆ ಬಂದು ನಿಂತರು.

“ತಪ್ಪು ಅವಂದಲ್ರಿ ಅಂದೆ. ಆ ಸ್ವಿಚ್ ಇಟ್ಟಾಕಿ ನಾನು. ಗೇಟಿನ ಅಪ್ಪಣಿ ಇಲ್ದ ದೀಪ ಹತ್ತೋ ದಾರಿ ಬಿಟ್ಟಾಕಿ ನಾನು. ಅವ್ನು ಒಂದು ಮಾತು ಕೇಳ್ದ, ನಾ ಒಂದು ಮಾತು ಹೇಳ್ದೆ. ಒಂದು ಮಾತು ತಪ್ಪಿದ್ರ ಮಕ್ಳು ಸಾಯ್ತಾವು ಅಂದ್ರ, ನಾ ಕಟ್ಟಿದ್ದ ತಪ್ಪೈತ್ರಿ.”

ಮತ್ತೊಂದು ಅವಕಾಶ ಕೇಳಿದರು. ನವೆಂಬರ್ ಒಂದರಿಂದ ಜನವರಿ ಮೂವತ್ತೊಂದರವರೆಗೆ, ತೊಂಬತ್ತೆರಡು ದಿನ. ಒಂದೇ ಒಂದು ಸಲ ಗೇಟು ಮೇಲಿರುವಾಗ ಹಸಿರು ದೀಪ ಹತ್ತಿದರೆ ತಾನೇ ಕಿತ್ತುಕೊಂಡು ಹೋಗುತ್ತೇನೆ ಎಂದರು. ಅಂಗಡಿಯ ಕೆಲಸ ಬಿಟ್ಟರು. ಕಂಪನಿ ಬಸ್ಸಿನ ಡ್ರೈವರ್ ಆಗಿರುವ ಗಂಡ ಅಂದಾನಪ್ಪನಿಗೆ ಹೇಗೂ ಯಶವಂತನಗರದಲ್ಲಿ ಮನೆ ಇತ್ತು. ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಅಕ್ಕನಾಗಮ್ಮ ಈಗ ಅಲ್ಲೇ ನಿಂತರು. “ಈಗ ಮನ್ಯಾಗೂ ಹಾಕು, ತೆಗಿ ಅನ್ನಂಗಿಲ್ರಿ ನಾವು,” ಎಂದು ಅಂದಾನಪ್ಪ ನಗುತ್ತಾರೆ. “ಫ್ಯಾನ್ ಹಾಕು ಅಂದೆ ಒಮ್ಮೆ. ಎಲ್ಲಿ ಹಾಕ್ಲಿ, ಬಾವ್ಯಾಗ? ಅಂದ್ಲು.”

ಅಕ್ಕನಾಗಮ್ಮ ಮೊದಲು ಮಾಡಿದ್ದು ‘ಹಾಕು’, ‘ತೆಗಿ’ ಎಂಬ ಆ ಎರಡು ಮಾತುಗಳನ್ನು ಕ್ರಾಸಿನಿಂದ ಹೊರಹಾಕಿದ್ದು. ಪ್ರೋಗ್ರಾಮಿನಲ್ಲಿ, ಪೆಟ್ಟಿಗೆಯ ಚೀಟಿಗಳಲ್ಲಿ, ಫೋನಿನಲ್ಲಿ ಈಗ ಇರುವುದು ‘ಹಿಡಿ’ ಮತ್ತು ‘ಬಿಡು’ ಮಾತ್ರ. ಎರಡೂ ಲಾರಿಗೆ ಸೇರಿದ ಮಾತುಗಳು. ಹಿಡಿ ಎಂದರೆ ಲಾರಿ ಹಿಡಿ, ಬಿಡು ಎಂದರೆ ಲಾರಿ ಬಿಡು. ಬೇರೆ ಅರ್ಥ ಮಾಡಿಕೊಳ್ಳಲು ಜಾಗವಿಲ್ಲ. ಕೈ ಸ್ವಿಚ್ಚುಗಳನ್ನು ಕಿತ್ತೆಸೆದರು.

ಆಮೇಲೆ ಪಿನ್ನುಗಳು. ಹನ್ನೊಂದು ಪಿನ್ನುಗಳಿಗೆ ಕೆಲಸವಿದೆ, ಏಳು ಕೇಳುತ್ತವೆ, ನಾಲ್ಕು ಹೇಳುತ್ತವೆ. ಉಳಿದ ಐದು ಖಾಲಿ. ಅವು ಗಾಳಿಮಾತು ಕೇಳದಂತೆ ಬಿಗಿದು ಕಟ್ಟಲಾಗಿದೆ. ಬಟನ್ ಒತ್ತದೆ ಇರುವಾಗ ವೈರಿನಲ್ಲಿ ಸಣ್ಣಗೆ ಕರೆಂಟು ಹರಿಯುತ್ತಿರುತ್ತದೆ. ಒತ್ತಿದಾಗ ಅದು ನಿಲ್ಲುತ್ತದೆ. ಹೀಗಾಗಿ ವೈರು ತುಂಡಾದರೂ ಬಟನ್ ಒತ್ತಿದಂತೆಯೇ, ಗೇಟು ಇಳಿಯುತ್ತದೆ. ಗೇಟನ್ನು ಮೇಲೆ ಹಿಡಿದು ನಿಲ್ಲಿಸುವುದಕ್ಕೆ ಕರೆಂಟು ಬೇಕು; ಕರೆಂಟು ಹೋದರೆ ಪೈಪು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತದೆ. ರಸ್ತೆಯ ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡುವ ಗಾಜಿನ ಕಣ್ಣಿಗೆ ಆಚೆ ಕಂಬದಿಂದ ಕಣ್ಣಿಗೆ ಕಾಣದ ಬೆಳಕು ಬೀಳುತ್ತಿರುತ್ತದೆ. ಬೆಳಕು ಕಡಿದರೆ ಯಾರೋ ಇದ್ದಾರೆ ಎಂದರ್ಥ.

ಯಾರೋ ಇದ್ದಾರೆ, ಅಥವಾ ಧೂಳು ಕೂತಿದೆ. ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತೊಂಬತ್ತೆರಡು ದಿನಗಳಲ್ಲಿ ಗೇಟು ಮೇಲಿರುವಾಗ ಹಸಿರು ಹತ್ತಿದ್ದು ಸೊನ್ನೆ ಸಲ. ಯಾರೂ ಇಲ್ಲದೆ ಬರೀ ಧೂಳಿಗೆ ಲಾರಿ ಹಿಡಿದದ್ದು ಆರು ನೂರ ಹದಿನಾಲ್ಕು ಸಲ. ಎರಡೂ ಅಂಕಿ ಅಕ್ಕನಾಗಮ್ಮನ ನೋಟ್‌ಬುಕ್ಕಿನಲ್ಲಿವೆ, ಒಂದೇ ಪುಟದಲ್ಲಿ. ಎರಡನೆಯದನ್ನು ಅವರು ಮುಚ್ಚಿಟ್ಟಿಲ್ಲ.

ಆದರೆ ಅವರನ್ನು ಕಾಡುವುದು ಬೇರೊಂದು ಅಂಕಿ. ಈ ತೊಂಬತ್ತೆರಡು ದಿನಗಳಲ್ಲಿ ಕರೆಮ್ಮ ಬಟನ್ ಒತ್ತಿದ್ದು ಎಷ್ಟು ಸಲ ಎಂದು ಕೇಳಿದರೆ, ನೋಟ್‌ಬುಕ್ಕು ಮುಚ್ಚುತ್ತಾರೆ. “ಒತ್ತಿಲ್ರಿ.”

ಕಾಲು ಕೂಡಿಕೊಂಡ ಮೇಲೆ ಕರೆಮ್ಮ ಮಕ್ಕಳನ್ನು ಅರ್ಧ ಕಿಲೋಮೀಟರ್ ಕೆಳಗಿನ ಮೋರಿಯೊಳಗಿಂದ ದಾಟಿಸುತ್ತಿದ್ದಾರೆ. ರಸ್ತೆಯಡಿಯ ಸಿಮೆಂಟು ಕೊಳವೆ ಅದು. ಮಕ್ಕಳು ನೆಟ್ಟಗೆ ನಡೆಯುತ್ತವೆ, ಐವತ್ತೈದರ ಕರೆಮ್ಮ ಬಗ್ಗಿ ಕುಂಟುತ್ತಾ ನಡೆಯುತ್ತಾರೆ. ಮಳೆ ಹಿಡಿದರೆ ಅದರಲ್ಲಿ ಮೊಣಕಾಲುದ್ದ ಕೆಂಪು ನೀರು. ಅಕ್ಕನಾಗಮ್ಮ ಎರಡು ಸಲ ಅವರ ಮನೆಗೆ ಹೋಗಿ ಬಂದಿದ್ದಾರೆ. ಕರೆಮ್ಮ ಚಹಾ ಕೊಟ್ಟರು, ಕಾಲಿನ ಮಾತು ಎತ್ತಲಿಲ್ಲ, ಗೇಟಿನ ಮಾತು ಎತ್ತಲಿಲ್ಲ.

ಹನ್ನೊಂದಕ್ಕೆ ಸಮಿತಿ ಸೇರುತ್ತದೆ. ಬನ್ನಿಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಲಾರಿ ಮಾಲೀಕರ ಪರವಾಗಿ ಬಂದಿರುವವರು ದೊಡ್ಡಬಸಪ್ಪ. ಮೊದಲು ಕಾಳುಕಡಿ ವ್ಯಾಪಾರ, ಈಗ ಆರು ಲಾರಿ. ಬಿಳಿ ಅಂಗಿಯ ಮೇಲೆ ಕೂರುವ ಧೂಳನ್ನು ಗಳಿಗೆಗೊಮ್ಮೆ ಕೊಡವಿಕೊಳ್ಳುತ್ತಾರೆ. ಕೆಟ್ಟ ಮನುಷ್ಯರಲ್ಲ. ಕರೆಮ್ಮನ ಕಾಲಿಗೆ ಕಟ್ಟು ಹಾಕಿಸಲು ತಮ್ಮದೇ ಜೀಪು ಕಳಿಸಿದವರು.

“ನಾಗಮ್ಮಾ, ನಿನ್ನ ಕೆಲ್ಸದಾಗ ಹುಳುಕಿಲ್ಲ. ಆದ್ರ ನಿನ್ನ ಗೇಟು ನನ್ನ ಹೆಂಡ್ತಿಗಿಂತ ಅನುಮಾನದ್ದು ನೋಡವ್ವ. ಧೂಳಿಗೂ ಹಿಡೀತೈತಿ,” ಎಂದು ಶುರು ಮಾಡುತ್ತಾರೆ. ಎಲ್ಲರೂ ನಗುತ್ತಾರೆ. “ಒಂದು ಕೆಲ್ಸ ಮಾಡು. ಕಣ್ಣಿಗೆ ಧೂಳು ಕುಂತ್ರ ಗೇಟು ಎತ್ತಿಬಿಡಂಗ ಮಾಡು. ಪ್ರೋಗ್ರಾಮಿನ್ಯಾಗ ಒಂದು ಸಾಲು ಅಂತಲ್ಲ? ಅಷ್ಟು ಮಾಡಿದ್ರ ನಾವು ಇವತ್ತ ಒಪ್ಪಿ ಸಹಿ ಹಾಕ್ತೀವಿ. ಗೇಟು ಕಾಯಂ, ನೀನೂ ಕಾಯಂ.”

ಪಂಚಾಯಿತಿಯವರು ತಲೆಯಾಡಿಸುತ್ತಾರೆ. ನ್ಯಾಯವಾದ ಮಾತಿನಂತೆಯೇ ಕೇಳಿಸುತ್ತದೆ. ನಿಜಕ್ಕೂ ಒಂದೇ ಸಾಲು. ‘ಸೊನ್ನೆ’ ಇದ್ದಲ್ಲಿ ‘ಒಂದು’.

ಅಕ್ಕನಾಗಮ್ಮ ನಿಂತೇ ಇದ್ದಾರೆ. ಕೈಯಲ್ಲಿ ಧೋತರದ ತುಂಡು.

“ಅಣ್ಣಾರ, ಅದಕ್ಕ ಧೂಳು ಯಾವ್ದು, ಕೂಸು ಯಾವ್ದು ಗೊತ್ತಾಗಂಗಿಲ್ರಿ. ಧೂಳಿಗೆ ಬಿಡು ಅಂದ್ರ ಕೂಸಿಗೂ ಬಿಡ್ತೈತಿ.”

“ಆರು ನೂರು ಸಲ ಧೂಳ ಇತ್ತಲ್ಲವ್ವ.”

“ಹೌದ್ರಿ.”

“ಹಂಗಾದ್ರ?”

“ಆ ಸಾಲು ನಾ ಬರಿಯಂಗಿಲ್ರಿ. ಬೇಕಾದ್ರ ಕೀಳ್ರಿ, ನಾನ ಕಿತ್ತು ಕೊಡ್ತೀನಿ. ದಿನಕ್ಕ ನಾಕು ಸಲ ಗಾಜು ಒರಸ್ತಿದ್ದೆ, ಹತ್ತು ಸಲ ಒರಸ್ತೀನಿ. ಬರಿಯಂಗಿಲ್ಲ.”

ದನಿ ಏರಿಲ್ಲ. ಆದರೆ ಕೆಲಸ, ಮೂರು ತಿಂಗಳು, ಗೇಟು, ಎಲ್ಲವೂ ಆ ಮಾತಿನ ಮೇಲೆ ನಿಂತಿದೆ ಎಂಬುದು ಕುರ್ಚಿಯಲ್ಲಿ ಕೂತವರಿಗೆಲ್ಲ ತಿಳಿಯುತ್ತದೆ. ದೊಡ್ಡಬಸಪ್ಪ ಅಂಗಿ ಕೊಡವಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಪಂಚಾಯಿತಿಯ ಸದಸ್ಯರೊಬ್ಬರು, “ಹಂಗಾದ್ರ ಕೀಳೋದ…” ಎಂದು ಶುರು ಮಾಡುವಷ್ಟರಲ್ಲಿ, ಅಂಗನವಾಡಿಯ ಪರವಾಗಿ ಬಂದು ಕೂತಿದ್ದ ಕರೆಮ್ಮ ಎದ್ದು ನಿಲ್ಲುತ್ತಾರೆ.

“ಪೆಟ್ಟಿಗಿ ತೆಗಿ.” ಕೂಡಲೇ ನಾಲಿಗೆ ಕಚ್ಚಿಕೊಂಡು, “ಏನೋ ಒಂದು. ತೋರ್ಸು.”

ಅಕ್ಕನಾಗಮ್ಮ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ.

“ದಿನಾ ಒಂದು ವೈರು ಕೀಳ್ತಿ ಅಂತಲ್ಲ. ಇವತ್ತು ನಾ ಕೀಳ್ತೀನಿ. ನೀ ದೂರ ನಿಲ್ಲು.”

ಕರೆಮ್ಮ ಒಂದು ಕೆಂಪು ವೈರು ಕೀಳುತ್ತಾರೆ. ಗೇಟು ಬೀಳುತ್ತದೆ. ಸಿಕ್ಕಿಸಿ, ಗೇಟು ಎದ್ದ ಮೇಲೆ, ಒಂದು ಬಿಳಿಯದನ್ನು ಕೀಳುತ್ತಾರೆ.

ಏನೂ ಆಗುವುದಿಲ್ಲ. ಗೇಟು ಮೇಲೆಯೇ ಇದೆ. ಲಾರಿಗಳು ಹೋಗುತ್ತಲೇ ಇವೆ.

“ನೋಡ್ರಪಾ!” ಎನ್ನುತ್ತಾರೆ ದೊಡ್ಡಬಸಪ್ಪ.

ಕರೆಮ್ಮ ವೈರು ಹಿಡಿದುಕೊಂಡೇ ತಿರುಗಿ ಅಕ್ಕನಾಗಮ್ಮನ ಮುಖ ನೋಡುತ್ತಾರೆ. ಬಿಳಿಯದು ಯಾವ ಪಿನ್ನಿನದೆಂದು ಅಕ್ಕನಾಗಮ್ಮನಿಗೆ ಗೊತ್ತು. ವಿವರಿಸಬಹುದಿತ್ತು. “ಈಗ ಬಟನ್ ಒತ್ತಸ್ರಿ,” ಎಂದಷ್ಟೇ ಹೇಳುತ್ತಾರೆ.

ಯಾರೋ ಹೋಗಿ ಒತ್ತುತ್ತಾರೆ. ಗೇಟು ಇಳಿಯುತ್ತದೆ. ಲಾರಿಗಳು ನಿಲ್ಲುತ್ತವೆ. ಎಲ್ಲರೂ ಹಸಿರು ದೀಪದ ಕಡೆ ನೋಡುತ್ತಾರೆ. ದೀಪ ಹತ್ತುವುದಿಲ್ಲ. ಅರ್ಧ ನಿಮಿಷ. ಹಾರ್ನುಗಳು ಶುರುವಾಗುತ್ತವೆ. ಒಂದು ನಿಮಿಷ. ದೀಪ ಹತ್ತುವುದಿಲ್ಲ, ಗೇಟೂ ಏಳುವುದಿಲ್ಲ.

“ಆ ವೈರು, ಗೇಟು ಪೂರಾ ಕೆಳಗ ಬಂತು ಅಂತ ಸುದ್ದಿ ತರೋದು,” ಎನ್ನುತ್ತಾರೆ ಅಕ್ಕನಾಗಮ್ಮ. “ಸುದ್ದಿ ಬಂದಿಲ್ಲ. ಗೇಟು ಕೆಳಗೈತಿ ಅಂತ ನಮಗ ಕಾಣ್ತೈತಿ, ಅದಕ್ಕ ಗೊತ್ತಿಲ್ಲ. ಗೊತ್ತಿಲ್ದ ದೀಪ ಹಚ್ಚಂಗಿಲ್ಲ.”

ಕರೆಮ್ಮ ವೈರು ಸಿಕ್ಕಿಸುತ್ತಾರೆ. ಹಸಿರು ದೀಪ ಹತ್ತುತ್ತದೆ. ಸಾಲಿನಲ್ಲಿ ಮುಂದೆ ನಿಂತ ಲಾರಿಯ ಕಿಟಕಿಯಲ್ಲಿ ಮೂಕಪ್ಪನ ತಲೆ. ಗುಡ್ಡದ ಕಡೆಗೆ ಅವನ ಎರಡನೆಯ ಟ್ರಿಪ್ಪು.

“ಇಳಿ ಕೆಳಗ,” ಎನ್ನುತ್ತಾರೆ ಕರೆಮ್ಮ. “ಬಂದು ಈ ಪೈಪು ಎತ್ತು.”

“ಯಾಕವ್ವಾ, ನಂಗ ಮತ್ತ ಚರಂಡಿ ತೋರಸ್ತೀಯೇನು?”

“ಎತ್ತಲೇ.”

ಮೂಕಪ್ಪ ಇಳಿದು ಬಂದ. ಪೈಪಿನ ತುದಿಗೆ ಹೆಗಲು ಕೊಟ್ಟು ಎತ್ತಿದ. ಒಂದು ಗೇಣು ಎದ್ದಿತೋ ಇಲ್ಲವೋ, ಹಸಿರು ದೀಪ ಆರಿತು. ಇಳಿಸಿದ, ಹತ್ತಿತು. ಎತ್ತಿದ, ಆರಿತು. ಕರೆಮ್ಮ ಅವನಿಂದ ಏಳು ಸಲ ಎತ್ತಿಸಿದರು. “ಕೂಲಿ ಕೊಡ್ರಿ ನನಗ,” ಎಂದು ಏದುಸಿರು ಬಿಡುತ್ತಾ ಅವನು ದೊಡ್ಡಬಸಪ್ಪನವರ ಕಡೆ ನೋಡಿದ.

ಕರೆಮ್ಮ ಬಂದು ತಮ್ಮ ಕುರ್ಚಿಯಲ್ಲಿ ಕೂತರು. “ಧೂಳಿಗೆ ಹಿಡೀಲಿ ಬಿಡ್ರಿ,” ಎಂದರು. “ಅವತ್ತು ಹಿಡೀಬೇಕಿತ್ತು, ಹಿಡೀಲಿಲ್ಲ.”

ಅದಾದ ಮೇಲೆ ಸಭೆಯಲ್ಲಿ ಹೆಚ್ಚು ಮಾತು ನಡೆಯಲಿಲ್ಲ. ಗೇಟು ಇನ್ನೊಂದು ವರ್ಷ ಇರಲಿ ಎಂದು ಬರೆದುಕೊಂಡರು. ಗಾಜಿನ ಕಣ್ಣುಗಳ ಮೇಲೆ ತಗಡಿನ ಮರೆ ಕಟ್ಟಿಸಿಕೊಡುವುದು ದೊಡ್ಡಬಸಪ್ಪನವರ ಪಾಲಿಗೆ ಬಂತು. ದಿನಕ್ಕೆ ಹತ್ತು ಸಲ ಒರೆಸುವುದು ಅಕ್ಕನಾಗಮ್ಮನ ಪಾಲಿಗೆ. ಎದ್ದು ಹೊರಡುವಾಗ ದೊಡ್ಡಬಸಪ್ಪ, “ಭಾಳ ಹಟದಾಕಿ ನೀನು,” ಎಂದರು. ಅಕ್ಕನಾಗಮ್ಮ ಕರೆಮ್ಮನ ಹತ್ತಿರ ಹೋಗಿ, “ನಾಳೆ ಬರ್ತಿಯೇನು ದೊಡ್ಡವ್ವ?” ಎಂದು ಕೇಳಿದರು. “ನೋಡೋಣು,” ಎಂದು ಕರೆಮ್ಮ ಕುಂಟುತ್ತಾ ಹೊರಟುಹೋದರು.

ಮರುದಿನ ಒಂಬತ್ತೂ ಕಾಲು. ಅಕ್ಕನಾಗಮ್ಮ ಪೆಟ್ಟಿಗೆಯ ಹತ್ತಿರ ಕೂತು ಯಾವುದೋ ವೈರಿನ ತುದಿ ಸುಲಿಯುತ್ತಿದ್ದಾರೆ. ಮೋರಿಯ ಕಡೆಗಿನ ದಾರಿಯನ್ನು ನೋಡುವುದಿಲ್ಲ, ಊರಿನ ಕಡೆಯ ದಾರಿಯನ್ನೂ ನೋಡುವುದಿಲ್ಲ.

ಮಕ್ಕಳ ಸದ್ದು ಮೊದಲು ಕೇಳಿಸುತ್ತದೆ. ಕಾಲುದಾರಿಯಲ್ಲಿ ಕರೆಮ್ಮ, ಅವರ ಹಿಂದೆ ಸೆರಗು ಹಿಡಿದ, ಕೈ ಕೈ ಹಿಡಿದ ಸಾಲು. ಕಂಬದ ಹತ್ತಿರ ನಿಂತು ಕರೆಮ್ಮ ಒಂದು ಗಳಿಗೆ ಬಟನ್ ನೋಡುತ್ತಾರೆ. ಒತ್ತುತ್ತಾರೆ. ಗೇಟು ಇಳಿಯುತ್ತದೆ. ಹಸಿರು ದೀಪ ಹತ್ತುತ್ತದೆ.

ಕರೆಮ್ಮ ಇಳಿಯುವುದಿಲ್ಲ. ಎಡಕ್ಕೆ ನೋಡುತ್ತಾರೆ. ಬಲಕ್ಕೆ ನೋಡುತ್ತಾರೆ. ಮತ್ತೆ ಎಡಕ್ಕೆ. ನಿಂತ ಲಾರಿಗಳ ಡ್ರೈವರುಗಳ ಮುಖ ಒಂದೊಂದಾಗಿ ನೋಡುತ್ತಾರೆ. ಆಮೇಲೆ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತು, ಇಪ್ಪತ್ತೆರಡು ಮಕ್ಕಳು ಆಚೆ ಸೇರುವವರೆಗೆ ಅಲ್ಲಾಡುವುದಿಲ್ಲ.

ಅಷ್ಟೆಲ್ಲ ಮಾಡಿ ತೋರಿಸಿದ ಮೇಲೂ ದೀಪವನ್ನು ನಂಬಲಿಲ್ಲವಲ್ಲ, ಬೇಸರವಾಯಿತೇ ಎಂದರೆ ಅಕ್ಕನಾಗಮ್ಮ ವೈರಿನಿಂದ ತಲೆಯೆತ್ತುತ್ತಾರೆ.

“ನೋಡೇ ದಾಟ್ಬೇಕ್ರಿ. ದೀಪ ನಂಬಿ ಕಣ್ಣು ಮುಚ್ಕೊಂಡು ದಾಟಿದ್ರ ನಂಗ ಹೆದ್ರಿಕಿ.” ಆಚೆ ಬದಿಯಲ್ಲಿ ಕರೆಮ್ಮ ಮಕ್ಕಳನ್ನು ಎಣಿಸುತ್ತಿರುವುದು ಕಾಣುತ್ತದೆ. ಗೇಟು ಎದ್ದು ಮೊದಲ ಲಾರಿ ಹಾದುಹೋಗುತ್ತದೆ. ಧೂಳು ಇಳಿದ ಮೇಲೆ ಅಕ್ಕನಾಗಮ್ಮ ನೋಟ್‌ಬುಕ್ಕು ಎಳೆದುಕೊಂಡು ಪೆನ್ನಿನ ಮುಚ್ಚಳ ತೆರೆಯುತ್ತಾರೆ.

“ಬಟನ್ ಒತ್ತಿದ್ಲಲ್ರಿ. ನೋಡಿದ್ರಿಲ್ಲೋ?”